ಧ್ರುವ ನಕ್ಷತ್ರ ಟ್ಯಾಂಕಿನ ಹಿಂದೆ: ಚಿತ್ರದುರ್ಗದ ಟೆರೇಸಿನಲ್ಲಿ ಇಕ್ವಟೋರಿಯಲ್ ಮೌಂಟ್

ಇಕ್ವಟೋರಿಯಲ್ ಮೌಂಟ್ (ಭೂಮಿ ತಿರುಗುವುದಕ್ಕೆ ಹೊಂದಿಕೊಂಡು ತಿರುಗುವ ಸ್ಟ್ಯಾಂಡ್) ಇರುವ ಟೆಲಿಸ್ಕೋಪ್ ತಗೋಬೇಕು ಅಂತಿರುವವರಿಗೆ, ಆಗಲೇ ತಗೊಂಡು ಅರ್ಥವಾಗದೆ ಮೂಲೆಗಿಟ್ಟವರಿಗೆ ಈ ಬರಹ. ಡಬ್ಬದ ಜೊತೆ ಬರುವ ಪುಸ್ತಕ ನಮ್ಮ ಕಡೆಯವರನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದಲ್ಲ. ಅದನ್ನು ಬರೆದವರ ಊರಲ್ಲಿ ಧ್ರುವ ನಕ್ಷತ್ರ ಆಕಾಶದ ಅರ್ಧ ಎತ್ತರದಲ್ಲಿ ನಿಂತಿರುತ್ತದೆ. ನಮಗೆ ಅದು ಎದುರು ಮನೆಯ ಸಿಂಟೆಕ್ಸ್ ಟ್ಯಾಂಕಿನ ಹಿಂದೆ. ಚಿತ್ರದುರ್ಗದಲ್ಲಿ ನಮ್ಮ ಟೆರೇಸ್ ಮೇಲೆ ಇದನ್ನು ಸರಿಯಾಗಿ ನಿಲ್ಲಿಸುವಷ್ಟರಲ್ಲಿ ದಸರಾ ಹೋಗಿ ಸಂಕ್ರಾಂತಿ ಬಂತು. ಅಷ್ಟು ದಿನ ನಿಮಗೆ ಬೇಡ.

ನಾನು ತಗೊಂಡದ್ದು 130 ಮಿ.ಮೀ. ಕನ್ನಡಿಯ ನ್ಯೂಟೋನಿಯನ್ ಟೆಲಿಸ್ಕೋಪ್. ಫೋಕಲ್ ಲೆಂಗ್ತ್ (ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ದೂರ) 650 ಮಿ.ಮೀ. ಜೊತೆಗೆ 20 ಮತ್ತು 10 ಮಿ.ಮೀ. ಐಪೀಸುಗಳು, ಅಂದರೆ ಕಣ್ಣಿಡುವ ಕಡೆ ಹಾಕುವ ಮಸೂರಗಳು. 650ನ್ನು 20ರಿಂದ ಭಾಗಿಸಿದರೆ ಮೂವತ್ತೆರಡೂವರೆ ಪಟ್ಟು, 10ರಿಂದ ಭಾಗಿಸಿದರೆ 65 ಪಟ್ಟು. ಜಾಹೀರಾತಿನಲ್ಲಿ ಮುನ್ನೂರು ಪಟ್ಟು, ನಾನೂರು ಪಟ್ಟು ಅಂತ ಬರೆದಿದ್ದರೆ ಅದನ್ನು ಮರೆತುಬಿಡಿ. ನೋಡಬೇಕಾದ್ದು ಕನ್ನಡಿಯ ಅಗಲ. ಎಲ್ಲಾ ಸೇರಿ ಇಪ್ಪತ್ತೈದು ಸಾವಿರದ ಆಸುಪಾಸು ಖರ್ಚಾಯಿತು. ಇದೇ ದುಡ್ಡಿಗೆ ಡಾಬ್ಸೋನಿಯನ್ ಮಾದರಿ ತಗೊಂಡರೆ ನಿಲ್ಲಿಸುವ ರಗಳೆಯೇ ಇಲ್ಲ, ನೆಲದ ಮೇಲೆ ಇಟ್ಟು ನೋಡೋದು ಅಷ್ಟೇ. ಬರೀ ನೋಡೋದಷ್ಟೇ ಆಸೆ ಇದ್ದರೆ ಅದನ್ನೇ ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ನನಗೆ ಇಕ್ವಟೋರಿಯಲ್ಲೇ ಬೇಕಿತ್ತು. ಭೂಮಿ ತಿರುಗುವ ಅಕ್ಷಕ್ಕೆ ಸಮನಾಗಿ ಮೌಂಟಿನ ಒಂದು ಅಕ್ಷವನ್ನು ನಿಲ್ಲಿಸಿಬಿಟ್ಟರೆ, ಆಮೇಲೆ ಒಂದೇ ಗುಬುಟು ತಿರುಗಿಸುತ್ತಾ ನಕ್ಷತ್ರದ ಹಿಂದೆ ಹೋಗಬಹುದು. ಈ ಏರ್ಪಾಡು ನನಗೆ ತುಂಬಾ ಇಷ್ಟವಾಗಿತ್ತು. ಮುಂದೆ ಮೋಟರ್ ಹಾಕುವ ಆಸೆಯೂ ಇತ್ತು.

ಪಾರ್ಸಲ್ ಬಂತು. ಒಂದೇ ಉದ್ದನೆ ಡಬ್ಬ. ಬಿಚ್ಚಿದರೆ ಟ್ಯೂಬ್ ಇದೆ, ಟ್ರೈಪಾಡ್ ಇದೆ, ಮೌಂಟ್ ಇದೆ, ಟ್ಯೂಬಿನ ತೂಕ ಸರಿದೂಗಿಸುವ ಕೌಂಟರ್‌ವೇಟ್ ಇಲ್ಲ. ಅದು ಇಡಬೇಕಾದ ಜಾಗದಲ್ಲಿ ಥರ್ಮಾಕೋಲ್ ಒಡೆದು ಅಂಚಿಗೆ ತೂತಾಗಿತ್ತು. ಭಾರದ ಕಬ್ಬಿಣದ ಗುಂಡು, ದಾರಿಯಲ್ಲೆಲ್ಲೋ ಬಿದ್ದುಹೋಗಿದೆ. ಮಾರಿದವರಿಗೆ ಫೋನ್ ಮಾಡಿದೆ. ಡಬ್ಬ ಬಿಚ್ಚುವಾಗಿನ ವಿಡಿಯೋ ಇದೆಯಾ ಅಂದರು. ಪುಣ್ಯಕ್ಕೆ ಮಗಳು ಸುಮ್ನೆ ಮೊಬೈಲ್ ಹಿಡಿದುಕೊಂಡು ನಿಂತಿದ್ದಳು, ಇತ್ತು. ಆಮೇಲೆ ಬಿಲ್ಲಿನ ಪಿಡಿಎಫ್, ಡಬ್ಬದ ಮೇಲಿನ ಸೀರಿಯಲ್ ನಂಬರಿನ ಫೋಟೋ, ಒಡೆದ ಥರ್ಮಾಕೋಲಿನ ಫೋಟೋ, ಕೊರಿಯರ್ ಚೀಟಿ, ಒಂದೊಂದಾಗಿ ಕೇಳಿದರು. ಎಲ್ಲಾ ಒಂದೇ ಸಲ ಕೇಳಬಹುದಿತ್ತು, ಅಲ್ವಾ? ಕಳಿಸಿದ್ದಕ್ಕೆಲ್ಲ 'ನಿಮ್ಮ ದೂರು ಪರಿಶೀಲನೆಯಲ್ಲಿದೆ' ಅಂತ ಉತ್ತರ. ವಾರಗಟ್ಟಲೆ ಕಾಯ್ದೆ. ಹೊರಗೆ ಹಿಂಗಾರು ಮಳೆ, ಮೋಡ. ಹೇಗೂ ಏನೂ ಕಾಣುತ್ತಿರಲಿಲ್ಲ ಅನ್ನೋದೊಂದೇ ಸಮಾಧಾನ.

ಹಾಗಾಗಿ ಡಬ್ಬ ಬಿಚ್ಚುವ ಮೊದಲೇ ವಿಡಿಯೋ ಶುರು ಮಾಡಿ. ವಿಳಾಸದ ಚೀಟಿಯಿಂದ ಹಿಡಿದು ಕೊನೆಯ ಸ್ಕ್ರೂವರೆಗೆ ಮಧ್ಯೆ ನಿಲ್ಲಿಸದೆ ತೆಗೆಯಿರಿ. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ತಾರೀಕು ಇದೆಯಾ ನೋಡಿ. ಡಬ್ಬ, ಥರ್ಮಾಕೋಲ್ ಎರಡನ್ನೂ ಅಟ್ಟದ ಮೇಲೆ ಹಾಕಿಡಿ. ವಾಪಸ್ ಕಳಿಸುವ ಪ್ರಸಂಗ ಬಂದರೆ ಬೇರೆ ಯಾವ ಡಬ್ಬವೂ ಆಗಿಬರಲ್ಲ.

ಆ ಕಾಯುವ ದಿನಗಳಲ್ಲಿ ಟ್ಯೂಬ್ ಕಟ್ಟದೆ ಬರೀ ಮೌಂಟನ್ನು ಮನೆಯ ಹಾಲ್‌ನಲ್ಲಿ ನಿಲ್ಲಿಸಿ ಆಡಿದ್ದು ಬಹಳ ಉಪಯೋಗಕ್ಕೆ ಬಂತು. ಕತ್ತಲಲ್ಲಿ ಕಲಿಯುವ ವಸ್ತು ಅಲ್ಲ ಇದು. ಇದಕ್ಕೆ ನಾಲ್ಕು ಚಲನೆ ಇದೆ. ಎರಡನ್ನು ರಾತ್ರಿ ಶುರುವಿನಲ್ಲಿ ಒಂದು ಸಲ ಕೂಡಿಸಿ ಮತ್ತೆ ಮುಟ್ಟಬಾರದು: ತಲೆಯನ್ನು ಮೇಲೆ ಕೆಳಗೆ ಬಾಗಿಸುವುದು, ಮತ್ತು ಇಡೀ ತಲೆಯನ್ನು ಪೂರ್ವ ಪಶ್ಚಿಮಕ್ಕೆ ತಿರುಗಿಸುವುದು. ಉಳಿದೆರಡು ರಾತ್ರಿಯಿಡೀ ಬಳಸುವವು: ಆರ್‌ಎ (ರೈಟ್ ಅಸೆನ್ಷನ್) ಅಕ್ಷ ಮತ್ತು ಡೆಕ್ (ಡಿಕ್ಲಿನೇಷನ್) ಅಕ್ಷ. ಆರ್‌ಎ ತಿರುಗಿಸಿದರೆ ಟ್ಯೂಬ್ ಧ್ರುವದ ಸುತ್ತ ಸುತ್ತುತ್ತದೆ, ಡೆಕ್ ತಿರುಗಿಸಿದರೆ ಧ್ರುವದ ಹತ್ತಿರಕ್ಕೋ ದೂರಕ್ಕೋ ಹೋಗುತ್ತದೆ. ಎರಡಕ್ಕೂ ಒಂದೊಂದು ಬಿಗಿ ಸ್ಕ್ರೂ, ಒಂದೊಂದು ಬಳುಕುವ ಕೇಬಲ್ ಗುಬುಟು. ದೂರ ಹೋಗಬೇಕಾದರೆ ಬಿಗಿ ಸ್ಕ್ರೂ ಸಡಿಲಿಸಿ ಕೈಯಲ್ಲಿ ತಿರುಗಿಸಬೇಕು, ಹತ್ತಿರ ಬಂದ ಮೇಲೆ ಬಿಗಿ ಮಾಡಿ ಕೇಬಲ್ಲಿನಲ್ಲಿ ಸ್ವಲ್ಪ ಸ್ವಲ್ಪ ಸರಿಸಬೇಕು. ಕಣ್ಣು ಮುಚ್ಚಿಕೊಂಡು ಯಾವ ಸ್ಕ್ರೂ ಯಾವುದು ಅಂತ ಕೈಗೆ ಗೊತ್ತಾಗುವವರೆಗೆ ಆಡಿ. ಅಕ್ಷಗಳ ಮೇಲೆ ಅಂಕಿ ಬರೆದ ಪುಟ್ಟ ಬಳೆಗಳಿರುತ್ತವೆ. ಈ ಸೈಜಿನ ಮೌಂಟಿನಲ್ಲಿ ಅವು ಇದ್ದೂ ಇಲ್ಲದ ಲೆಕ್ಕ.

ಕೊನೆಗೂ ಗುಂಡು ಬಂತು. ಆಗ ಶುರುವಾಯಿತು ನಿಜವಾದ ತೊಂದರೆ.

ಮೌಂಟಿನ ತಲೆಯನ್ನು ನಮ್ಮ ಊರಿನ ಅಕ್ಷಾಂಶಕ್ಕೆ ಬಾಗಿಸಬೇಕು. ಚಿತ್ರದುರ್ಗಕ್ಕೆ 14 ಡಿಗ್ರಿ ಚಿಲ್ಲರೆ. ಬೆಂಗಳೂರು, ಮಂಗಳೂರು 13 ಅಂತ ಇಟ್ಟುಕೊಳ್ಳಿ, ಮೈಸೂರು 12ಕ್ಕೆ ಸ್ವಲ್ಪ ಮೇಲೆ, ಹುಬ್ಬಳ್ಳಿ 15ಕ್ಕೆ ಸ್ವಲ್ಪ ಮೇಲೆ, ಬೀದರ್ 18. ಅಂದರೆ ಕರ್ನಾಟಕದಲ್ಲಿ ಎಲ್ಲೇ ಇದ್ದರೂ ಆರ್‌ಎ ಅಕ್ಷ ಹೆಚ್ಚುಕಡಿಮೆ ಮಲಗಿದ ಹಾಗೇ ಇರುತ್ತದೆ. ಪುಸ್ತಕದ ಚಿತ್ರದಲ್ಲಿ ಅದು ನೆಟ್ಟಗೆ ಆಕಾಶ ನೋಡುತ್ತಿರುತ್ತದೆ! ನಮ್ಮ ಅಕ್ಷಾಂಶಕ್ಕೆ ಬಾಗಿಸಿದ ಕೂಡಲೇ ಎರಡು ತಾಪತ್ರಯ. ಒಂದು, ಹಿಂದಿನ ಉದ್ದ ಬೋಲ್ಟು ಅಡ್ಡ ಬಂದು ತಲೆ 20 ಡಿಗ್ರಿಗಿಂತ ಕೆಳಗಿಳಿಯಲೇ ಇಲ್ಲ. ಅದನ್ನು ಪೂರ್ತಿ ಹಿಂದಕ್ಕೆ ಬಿಚ್ಚಿ, ಮುಂದಿನ ಬೋಲ್ಟಿನಲ್ಲಿ ಒತ್ತಿ, ಆಮೇಲೆ ಪಕ್ಕದ ದೊಡ್ಡ ನಟ್ಟನ್ನು ಸ್ಪ್ಯಾನರಿನಲ್ಲಿ ಬಿಗಿ ಮಾಡಬೇಕಾಯಿತು. ಎರಡನೆಯದು, ಕೌಂಟರ್‌ವೇಟಿನ ಸರಳು ನೇರ ಕೆಳಗೆ ಬಂದು ಉತ್ತರದ ಕಾಲಿಗೆ ಟಣ್ ಅಂತ ಬಡಿಯಿತು. ಪುಸ್ತಕ ಹೇಳೋದು ಟ್ರೈಪಾಡಿನ ಒಂದು ಕಾಲು ಉತ್ತರಕ್ಕಿರಲಿ ಅಂತ. ಹಾಗೆ ಇಟ್ಟರೆ ನಮಗೆ ಟ್ಯೂಬ್ ತಿರುಗುವುದೇ ಇಲ್ಲ.

ಇದಕ್ಕೆ ಪರಿಹಾರ ಸುಲಭ, ಆದರೆ ಯಾರೂ ಹೇಳಿರಲಿಲ್ಲ. ಟ್ರೈಪಾಡನ್ನು ತಿರುಗಿಸಿ ಉತ್ತರಕ್ಕೆ ಎರಡು ಕಾಲುಗಳ ನಡುವಿನ ಸಂದು ಬರುವಂತೆ ಇಡಿ, ಒಂದು ಕಾಲು ದಕ್ಷಿಣಕ್ಕೆ ಹೋಗಲಿ. ತಲೆ ಮಾತ್ರ ಉತ್ತರ ನೋಡುತ್ತಿರಲಿ. ಗುಂಡು ಆ ಸಂದಿನಲ್ಲಿ ಆರಾಮಾಗಿ ಓಡಾಡುತ್ತದೆ. ಟ್ರೈಪಾಡಿನ ಮಧ್ಯೆ ಐಪೀಸ್ ಇಡುವ ತಟ್ಟೆ ಇರುತ್ತದಲ್ಲ, ಅದಕ್ಕೂ ತಾಗುತ್ತಾ ನೋಡಿಕೊಳ್ಳಿ.  ಕಾಲುಗಳನ್ನು ಪೂರ್ತಿ ಉದ್ದ ಎಳೆಯಬೇಡಿ. ಎಳೆದಷ್ಟೂ ಅಲ್ಲಾಟ ಜಾಸ್ತಿ.

14 ಡಿಗ್ರಿ ಅಂತ ಹೇಗೆ ಗೊತ್ತು? ಮೌಂಟಿನ ಮೇಲಿನ ಸ್ಕೇಲು ದಪ್ಪ ದಪ್ಪ ಗೆರೆಯದ್ದು, ನನ್ನದರಲ್ಲಿ ಎರಡು ಮೂರು ಡಿಗ್ರಿ ವ್ಯತ್ಯಾಸ ಇತ್ತು. ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ತಗೊಂಡು, ಅದರ ಮಧ್ಯದ ತೂತಿಗೆ ದಾರ ಪೋಣಿಸಿ, ತುದಿಗೆ ಒಂದು ವಾಷರ್ ಕಟ್ಟಿದೆ. ಕೋನಮಾಪಕದ ನೇರ ಅಂಚನ್ನು ಆರ್‌ಎ ಅಕ್ಷದ ಉದ್ದಕ್ಕೆ ಹಿಡಿದರೆ ದಾರ 90ರ ಗೆರೆಯಿಂದ ಎಷ್ಟು ಸರಿದಿದೆಯೋ ಅಷ್ಟು ಬಾಗು. ಮೊಬೈಲಿನಲ್ಲಿ ಮಟ್ಟ ನೋಡುವ ಆ್ಯಪ್‌ನಲ್ಲೂ ಆಗುತ್ತದೆ. ಅದಕ್ಕೆ ಮೊದಲು ಟ್ರೈಪಾಡ್ ಸಮತಟ್ಟಾಗಿರಬೇಕು. ಮಳೆನೀರು ಹರಿಯಲಿ ಅಂತ ನಮ್ಮ ಟೆರೇಸಿಗೆ ಇಳಿಜಾರು ಕೊಟ್ಟಿದ್ದಾರೆ, ಒಂದು ಕಾಲಿನ ಕೆಳಗೆ ಟೈಲ್ಸ್ ಚೂರು ಇಡಬೇಕಾಯಿತು.

ಆಮೇಲೆ ಉತ್ತರ ದಿಕ್ಕು. ಇದಕ್ಕೇ ಹೆಚ್ಚು ದಿನ ಹೋಗಿದ್ದು. ಧ್ರುವ ನಕ್ಷತ್ರ ಕಂಡರೆ ಮುಗೀತು, ಅದು ನಿಜವಾದ ಧ್ರುವದಿಂದ ಒಂದು ಡಿಗ್ರಿಯೂ ದೂರ ಇಲ್ಲ, ಫೋಟೋ ತೆಗೆಯದೆ ಬರೀ ನೋಡುವವರಿಗೆ ಧಾರಾಳ ಸಾಕು. ಆದರೆ ಅದರ ಎತ್ತರವೂ ಊರಿನ ಅಕ್ಷಾಂಶದಷ್ಟೇ, 14 ಡಿಗ್ರಿ ಅಂದರೆ ಚಾಚಿದ ಕೈಯ ಒಂದೂವರೆ ಮುಷ್ಟಿ ಅಷ್ಟೇ. ಎದುರು ಮನೆಯ ಟ್ಯಾಂಕು, ಅದರಾಚೆ ಹೈವೇ ಕಡೆಯ ಬೆಳಕು, ದೂಳು. ಕಾಣಲಿಲ್ಲ. ಮೊಬೈಲ್ ಕಂಪಾಸ್ ಹಿಡಿದರೆ ಟೆರೇಸಿನ ಒಂದೊಂದು ಮೂಲೆಯಲ್ಲಿ ಒಂದೊಂದು ಉತ್ತರ ತೋರಿಸಿತು. ಸ್ಲ್ಯಾಬಿನೊಳಗೆ ಕಬ್ಬಿಣ, ಟ್ಯಾಂಕಿನ ಸ್ಟ್ಯಾಂಡ್ ಕಬ್ಬಿಣ, ಟ್ರೈಪಾಡಿನ ಕಾಲೂ ಉಕ್ಕು. ಕಾಂತದ ಉತ್ತರಕ್ಕೂ ನಿಜ ಉತ್ತರಕ್ಕೂ ನಮ್ಮ ರಾಜ್ಯದಲ್ಲಿ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸ, ಅದು ತೊಂದರೆಯೇ ಅಲ್ಲ. ಈ ಕಬ್ಬಿಣದ್ದೇ ತೊಂದರೆ.

ಕೆಲಸಕ್ಕೆ ಬಂದದ್ದು ಸೂರ್ಯ. ಸೂರ್ಯ ನೆತ್ತಿಯ ಗೆರೆ ದಾಟುವ ಕ್ಷಣದಲ್ಲಿ ನೆಟ್ಟಗೆ ಇಳಿಬಿಟ್ಟ ದಾರದ ನೆರಳು ಸರಿಯಾಗಿ ಉತ್ತರ ದಕ್ಷಿಣಕ್ಕೆ ಬೀಳುತ್ತದೆ. ಆ ಕ್ಷಣ ಗಡಿಯಾರದ ಹನ್ನೆರಡು ಗಂಟೆಗೆ ಬರಲ್ಲ. ನಮ್ಮ ಗಡಿಯಾರ ಪೂರ್ವ ರೇಖಾಂಶ 82.5 ಡಿಗ್ರಿಯ ಲೆಕ್ಕದ್ದು. ಚಿತ್ರದುರ್ಗ ಇರೋದು 76.4ರಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಸುಮಾರು 24 ನಿಮಿಷ ತಡ. ಬೆಂಗಳೂರಿಗೆ 20 ನಿಮಿಷ ಸಾಕು. ಇದರ ಮೇಲೆ ವರ್ಷದ ದಿನಗಳಿಗೆ ತಕ್ಕಂತೆ ಒಂದಿಷ್ಟು ಹೆಚ್ಚುಕಡಿಮೆ ಆಗುತ್ತದೆ: ನಮ್ಮೂರಲ್ಲಿ ನವೆಂಬರ್ ಶುರುವಿನಲ್ಲಿ 12:08ರ ಸುಮಾರಿಗೆ, ಕ್ರಿಸ್‌ಮಸ್ ಹೊತ್ತಿಗೆ 12:24, ಫೆಬ್ರವರಿ ಮಧ್ಯದಲ್ಲಿ 12:38. ಡಿಸೆಂಬರ್ ಕೊನೆಯ ಒಂದು ಭಾನುವಾರ ಬಟ್ಟೆ ಒಣಹಾಕುವ ಕಂಬಿಯಿಂದ ದಾರ ಇಳಿಬಿಟ್ಟು, ತುದಿಗೆ ಬೀಗ ಕಟ್ಟಿ, ಬೀಗ ಅಲ್ಲಾಡದಿರಲಿ ಅಂತ ಬಕೆಟ್ ನೀರಿನಲ್ಲಿ ಮುಳುಗಿಸಿ ಕಾದೆ. ಆ ಹೊತ್ತು ಬಂದ ತಕ್ಷಣ ನೆರಳಿನ ಎರಡು ಕಡೆ ಸೀಮೆಸುಣ್ಣದಲ್ಲಿ ಗುರುತು. ಎರಡನ್ನೂ ಸೇರಿಸಿ ಉದ್ದಕ್ಕೆ ಗೆರೆ ಎಳೆದೆ, ಸಂಜೆ ಅದರ ಮೇಲೆ ಬಣ್ಣ ಹೊಡೆದೆ. ಟ್ರೈಪಾಡಿನ ಮೂರು ಕಾಲಿನ ಜಾಗವನ್ನೂ ಗುರುತು ಮಾಡಿದೆ. ಆಮೇಲಿಂದ ಪ್ರತಿ ರಾತ್ರಿ ಕಾಲುಗಳನ್ನು ಆ ಗುರುತಿಗೆ ಇಡೋದು, ಕೆಲಸ ಶುರು ಮಾಡೋದು.

ಒಂದು ಎಚ್ಚರಿಕೆ. ಈ ಉಪಾಯ ವರ್ಷವಿಡೀ ನಡೆಯಲ್ಲ. ಏಪ್ರಿಲ್ ಕೊನೆಗೆ ಸೂರ್ಯ ಚಿತ್ರದುರ್ಗದ ನೆತ್ತಿಗೇ ಬರುತ್ತಾನೆ, ಆಮೇಲೆ ಉತ್ತರಕ್ಕೆ ದಾಟಿ ಆಗಸ್ಟ್ ಮಧ್ಯದವರೆಗೆ ಅಲ್ಲೇ. ಆ ತಿಂಗಳುಗಳಲ್ಲಿ ಮಧ್ಯಾಹ್ನದ ನೆರಳು ತೀರಾ ಗಿಡ್ಡ, ಅದೂ ದಕ್ಷಿಣಕ್ಕೆ ಬೀಳುತ್ತದೆ. ಗೆರೆ ಎಳೆಯೋದಿದ್ದರೆ ಚಳಿಗಾಲದಲ್ಲೇ ಎಳೆದುಕೊಳ್ಳಿ.

ತೂಕ ಸರಿದೂಗಿಸುವುದನ್ನು ಬಿಡಬೇಡಿ. ಆರ್‌ಎ ಸ್ಕ್ರೂ ಸಡಿಲಿಸಿ ಸರಳನ್ನು ನೆಲಕ್ಕೆ ಅಡ್ಡವಾಗಿ ಹಿಡಿದು, ಕೈ ಬಿಟ್ಟರೂ ಅಲ್ಲೇ ನಿಲ್ಲುವವರೆಗೆ ಗುಂಡನ್ನು ಒಳಗೆ ಹೊರಗೆ ಸರಿಸಿ. ಆಮೇಲೆ ಟ್ಯೂಬನ್ನು ಉಂಗುರಗಳಲ್ಲಿ ಹಿಂದೆ ಮುಂದೆ ಸರಿಸಿ ಡೆಕ್ ಅಕ್ಷಕ್ಕೂ ಹಾಗೇ ಮಾಡಿ. ಹಾಕುವಾಗ ಮೊದಲು ಗುಂಡು, ಆಮೇಲೆ ಟ್ಯೂಬ್. ತೆಗೆಯುವಾಗ ಮೊದಲು ಟ್ಯೂಬ್. ಸರಳಿನ ತುದಿಯ ಪುಟ್ಟ ಸ್ಕ್ರೂ ಹಾಕದೆ ಬಿಟ್ಟರೆ ಗುಂಡು ಜಾರಿ ಕಾಲಿನ ಮೇಲೆ ಬೀಳುತ್ತದೆ.

ಫೈಂಡರನ್ನು (ಟ್ಯೂಬಿನ ಮೇಲೆ ಗುರಿ ಹಿಡಿಯಲು ಇರುವ ಪುಟ್ಟ ಸಾಧನ) ಹಗಲಲ್ಲೇ ಹೊಂದಿಸಿಕೊಳ್ಳಿ. ನಮ್ಮ ಟೆರೇಸಿನಿಂದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತವೆ. ಒಂದರ ಮಧ್ಯದ ಗುಂಬವನ್ನು 20 ಮಿ.ಮೀ. ಐಪೀಸಿನ ನಡುವಿಗೆ ತಂದು, ಫೈಂಡರಿನ ಕೆಂಪು ಚುಕ್ಕಿಯನ್ನೂ ಅದರ ಮೇಲೇ ಕೂರಿಸಿದೆ. ತಲೆಕೆಳಗಾಗಿ ನಿಂತು ನಿಧಾನಕ್ಕೆ ಸುತ್ತುವ ಆ ರೆಕ್ಕೆಗಳನ್ನು ನೋಡುತ್ತಾ ಮನೆಯವರೆಲ್ಲ ಅರ್ಧ ಗಂಟೆ ಕಳೆದರು. ಇಕ್ವಟೋರಿಯಲ್ ಮೌಂಟಿನಲ್ಲಿ ನೆಲದ ಮೇಲಿನ ವಸ್ತು ಹುಡುಕುವುದು ಮಾತ್ರ ದೊಡ್ಡ ಹಿಂಸೆ. ಎಡಕ್ಕೆ ಬೇಕು ಅಂದರೆ ಅದು ಓರೆಯಾಗಿ ಹೋಗುತ್ತದೆ. ಹಗಲಲ್ಲಿ ಟ್ಯೂಬ್ ಸೂರ್ಯನ ಕಡೆ ತಿರುಗದ ಹಾಗೆ ನೋಡಿಕೊಳ್ಳಿ. ಮುಂದಿನ ಬಾಯಿಗೆ ಸರಿಯಾದ ಸೋಲಾರ್ ಫಿಲ್ಟರ್ ಇಲ್ಲದೆ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ. ಮಕ್ಕಳಿದ್ದರೆ ಪಕ್ಕದಿಂದ ಕದಲಬೇಡಿ.

ಮೊದಲು ನೋಡಿದ್ದು ಶನಿ. ಡಿಸೆಂಬರಿನಲ್ಲಿ ಸಂಜೆ ಏಳಕ್ಕೆಲ್ಲ ಎತ್ತರದಲ್ಲಿ ಸಿಗುತ್ತಿತ್ತು. ಹೆಂಡತಿ ಐಪೀಸಿಗೆ ಕಣ್ಣಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಂಗುರ ಎಲ್ರೀ?" ಅಂದಳು. ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. 2025ರ ಮಾರ್ಚಿನಲ್ಲಿ ಭೂಮಿ ಶನಿಯ ಉಂಗುರಗಳ ಮಟ್ಟವನ್ನು ದಾಟಿತು. ಆ ವರ್ಷದ ಕೊನೆಯಲ್ಲೂ ಉಂಗುರ ನಮಗೆ ಅಂಚಿನಿಂದಲೇ ಕಾಣುತ್ತಿತ್ತು. 65 ಪಟ್ಟಿನಲ್ಲಿ ಪುಟ್ಟ ಹಳದಿ ಗೋಲಿಗೆ ಸೂಜಿ ಚುಚ್ಚಿದ ಹಾಗೆ ಒಂದು ಗೆರೆ, ಅಷ್ಟೇ. ನಿಮಗೂ ಹಾಗೆ ಕಂಡರೆ ಟೆಲಿಸ್ಕೋಪ್ ಕೆಟ್ಟಿದೆ ಅಂತ ಅಂಗಡಿಗೆ ಫೋನ್ ಮಾಡಬೇಡಿ. ಇನ್ನು ಮುಂದೆ ವರ್ಷ ವರ್ಷ ಉಂಗುರ ತೆರೆದುಕೊಳ್ಳುತ್ತಾ ಹೋಗುತ್ತದೆ, 2032ರ ಹೊತ್ತಿಗೆ ಪೂರ್ತಿ ಅಗಲ.

ಗುರು ಆ ಬೇಸರ ತೀರಿಸಿತು. 2026ರ ಜನವರಿ 10ಕ್ಕೆ ಅದು ಸೂರ್ಯನ ಸರಿ ಎದುರಿಗಿತ್ತು, ಮಿಥುನ ರಾಶಿಯಲ್ಲಿ, ಸಂಜೆ ಪೂರ್ವದಲ್ಲಿ ಹುಟ್ಟಿ ರಾತ್ರಿಯಿಡೀ ಆಕಾಶದಲ್ಲೇ. 10 ಮಿ.ಮೀ. ಐಪೀಸ್ ಹಾಕಿದೆ. ಬಿಳಿ ತಟ್ಟೆ, ಅದರ ಮೇಲೆ ಎರಡು ಮಾಸಲು ಪಟ್ಟಿ, ಪಕ್ಕದಲ್ಲಿ ಒಂದೇ ಸಾಲಿಗೆ ನಾಲ್ಕು ಚಂದ್ರರು. ಊಟ ಮುಗಿಸಿ ಬರುವಷ್ಟರಲ್ಲಿ ಒಂದು ಚಂದ್ರ ತಟ್ಟೆಯ ಹತ್ತಿರ ಸರಿದಿತ್ತು. ಕೈಯಾಡಿಸದೆ ಬಿಟ್ಟರೆ ಗುರು ಐಪೀಸಿನ ಈ ಅಂಚಿನಿಂದ ಆ ಅಂಚಿಗೆ ಮೂರು ನಿಮಿಷ ಚಿಲ್ಲರೆಯಲ್ಲಿ ಹೊರಟುಹೋಗುತ್ತದೆ. ಆರ್‌ಎ ಕೇಬಲ್ಲನ್ನು ಎರಡು ಬೆರಳಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಗಿಸಿದೆ. ಅಂಚಿಗೆ ಹೋಗಿದ್ದ ಗುರು ಹಾಗೇ ಹಿಂದಕ್ಕೆ ತೇಲಿ ಬಂದು ನಡುವೆ ನಿಂತಿತು. ಮೇಲೂ ಹೋಗಲಿಲ್ಲ, ಕೆಳಗೂ ಹೋಗಲಿಲ್ಲ. ಇಷ್ಟು ದಿನದ ನಟ್ಟು ಬೋಲ್ಟು ದಾರ ಬೀಗ ಎಲ್ಲಾ ಇದಕ್ಕೇ ತಾನೆ!

ನಮ್ಮ ಕಡೆಯದ್ದೇ ಇನ್ನೊಂದು ವಿಚಿತ್ರ ಇದೆ. ಗ್ರಹಗಳು ದಕ್ಷಿಣದಲ್ಲಿ ಸಿಗುತ್ತವೆ ಅಂತ ಪುಸ್ತಕ ಬರೆದಿರುತ್ತದೆ. ಈ ಸಲ ಗುರು ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ದಾಟುತ್ತಿತ್ತು. ನೆತ್ತಿಯ ಹತ್ತಿರ ಟ್ಯೂಬಿನ ಹಿಂಭಾಗ ಟ್ರೈಪಾಡಿನ ಕಾಲಿಗೆ ತಾಗುತ್ತದೆ, ಐಪೀಸ್ ಎಲ್ಲೋ ಕುತ್ತಿಗೆ ಸಿಗದ ಕಡೆ ಹೋಗಿ ಕೂರುತ್ತದೆ. ಟ್ಯೂಬ್ ಹಿಡಿದಿರುವ ಉಂಗುರಗಳನ್ನು ಸಡಿಲಿಸಿ ಟ್ಯೂಬನ್ನೇ ಸುತ್ತಿಸಿದರೆ ಐಪೀಸ್ ಕೈಗೆ ಸಿಗುತ್ತದೆ. ಅದಕ್ಕಿಂತ ರಾತ್ರಿ ಎಂಟೂವರೆ ಒಂಬತ್ತಕ್ಕೆ, ಗುರು ಇನ್ನೂ ಪೂರ್ವದಲ್ಲಿ ಅರ್ಧಕ್ಕಿಂತ ಕೆಳಗಿರುವಾಗಲೇ ನೋಡಿಕೊಳ್ಳೋದು ವಾಸಿ.

ಫೋಕಸ್ ಮುಟ್ಟಿದಾಗಲೆಲ್ಲ ಚಿತ್ರ ಮೂರ್ನಾಲ್ಕು ಸೆಕೆಂಡ್ ನಡುಗುತ್ತದೆ. ಈ ಬೆಲೆಯ ಮೌಂಟುಗಳ ಹಣೆಬರಹ ಅದು. ತಟ್ಟೆಯ ಕೆಳಗೆ ಒಂದು ನೀರಿನ ಕ್ಯಾನ್ ನೇತುಹಾಕಿದ ಮೇಲೆ ಸ್ವಲ್ಪ ಕಮ್ಮಿಯಾಯಿತು. ಟ್ಯೂಬನ್ನು ನೋಡುವ ಅರ್ಧ ಗಂಟೆ ಮೊದಲೇ ಹೊರಗಿಡಿ, ಕನ್ನಡಿ ತಣ್ಣಗಾಗದಿದ್ದರೆ ಚಿತ್ರ ಕುದಿಯುತ್ತಿರುತ್ತದೆ.

ಉತ್ತರ ಸರಿ ಇದೆಯಾ ಅಂತ ಪರೀಕ್ಷೆ ಮಾಡಲು ಆಕಾಶದ ಬೇಟೆಗಾರ ಮಹಾವ್ಯಾಧ (ಓರಿಯನ್ ನಕ್ಷತ್ರಪುಂಜ) ಸಹಾಯಕ್ಕೆ ಬಂದ. ಅವನ ನಡುಪಟ್ಟಿಯ ಮೂರು ನಕ್ಷತ್ರಗಳಲ್ಲಿ ಪಶ್ಚಿಮದ ತುದಿಯದು ಮಿಂಟಕ, ಖಗೋಳದ ಸಮಭಾಜಕದ ಮೇಲೇ ಇದೆ ಅನ್ನಬಹುದು. ಜನವರಿ ಕೊನೆಗೆ ಒಂಬತ್ತೂವರೆ ಸುಮಾರಿಗೆ ಅದು ನಡು ಆಕಾಶದ ಗೆರೆ ದಾಟುತ್ತದೆ. ಅದನ್ನು 10 ಮಿ.ಮೀ. ಐಪೀಸಿನ ನಡುವೆ ಇಟ್ಟು, ಆರ್‌ಎ ಕೇಬಲ್ ಮಾತ್ರ ತಿರುಗಿಸುತ್ತಾ ಹತ್ತು ನಿಮಿಷ ನೋಡಿ. ಉತ್ತರಕ್ಕೆ ಜಾರಿದರೆ ಮೌಂಟ್ ಪಶ್ಚಿಮಕ್ಕೆ ತಿರುಗಿದೆ, ಒಂಚೂರು ಪೂರ್ವಕ್ಕೆ ಸರಿಸಿ. ದಕ್ಷಿಣಕ್ಕೆ ಜಾರಿದರೆ ಪಶ್ಚಿಮಕ್ಕೆ ಸರಿಸಿ. ತಲೆಕೆಳಗಾದ ಚಿತ್ರದಲ್ಲಿ ಉತ್ತರ ಯಾವ ಕಡೆ ಅಂತ ತಿಳಿಯದಿದ್ದರೆ ಟ್ಯೂಬಿನ ಬಾಯಿಯನ್ನು ಸ್ವಲ್ಪ ಉತ್ತರಕ್ಕೆ ಒತ್ತಿ, ಹೊಸ ನಕ್ಷತ್ರಗಳು ಯಾವ ಅಂಚಿನಿಂದ ಒಳಗೆ ಬರುತ್ತವೋ ಅದೇ ಉತ್ತರ. ಬರೀ ನೋಡುವವರಿಗೆ ಇದು ಕಡ್ಡಾಯ ಅಲ್ಲ. ಫೋಟೋ ತೆಗೆಯುವವರಿಗೆ ಬೇಕೇ ಬೇಕು. ಹೇಗೂ ಅಲ್ಲಿಗೆ ಹೋಗಿದ್ದೀರಿ, ನಡುಪಟ್ಟಿಯ ಕೆಳಗಿನ ನೀಹಾರಿಕೆಯನ್ನು 20 ಮಿ.ಮೀ. ಐಪೀಸಿನಲ್ಲಿ ನೋಡದೆ ಬರಬೇಡಿ. ಬಣ್ಣ ಕಾಣಲ್ಲ, ಬೂದು ಹೊಗೆ, ಮಧ್ಯೆ ನಾಲ್ಕು ಚುಕ್ಕಿ. ಕೃತ್ತಿಕೆಯೂ ಆ ಐಪೀಸಿನಲ್ಲಿ ಅಂಚು ಮುಟ್ಟುವ ಹಾಗೆ ಪೂರ್ತಿ ಹಿಡಿಸುತ್ತದೆ.

ಅಕ್ಕಪಕ್ಕದವರ ವಿಷಯ. ರಾತ್ರಿ ಟೆರೇಸಲ್ಲಿ ಉದ್ದನೆ ಟ್ಯೂಬ್ ಇಟ್ಟುಕೊಂಡು ನಿಂತರೆ ಯಾರ ಮನೆ ನೋಡ್ತಿದ್ದಾರೆ ಅಂತ ಅನುಮಾನ ಬರೋದು ಸಹಜ. ಎದುರು ಮನೆಯವರು ಕಿಟಕಿ ಪರದೆ ಎಳೆದುಕೊಂಡಿದ್ದು ಕಣ್ಣಿಗೆ ಬಿತ್ತು. ಮಾರನೇ ದಿನ ನಾನೇ ಹೋಗಿ, "ಬನ್ನಿ ಸಾರ್, ಚಂದ್ರ ತೋರಿಸ್ತೀನಿ" ಅಂದೆ. ಅಷ್ಟಮಿಯ ಆಸುಪಾಸು, ಬೆಳಕು ನೆರಳಿನ ಗಡಿಯಲ್ಲಿ ಕುಳಿಗಳು ಚೆನ್ನಾಗಿ ಎದ್ದು ಕಾಣುವ ಹೊತ್ತು. ಹುಣ್ಣಿಮೆಗೆ ಕರೆದಿದ್ದರೆ ಬರೀ ಕಣ್ಣು ಕುಕ್ಕುವ ಬೆಳಕು ನೋಡಿ ಹೋಗುತ್ತಿದ್ದರು. ಈಗ ಅವರೇ ತಮ್ಮ ಟೆರೇಸಿನ ಲೈಟ್ ಆರಿಸಿ ಕೊಡುತ್ತಾರೆ.

ಮೇಲಿನ ಖರ್ಚು: ಬೆಳಕು ತಡೆಯುವ ಮೂನ್ ಫಿಲ್ಟರ್, 25 ಮಿ.ಮೀ.ನ ಪ್ಲಾಸಲ್ ಮಾದರಿಯ ಒಂದು ಐಪೀಸ್, ಎಲ್ಲಾ ಸೇರಿ ಎರಡು ಸಾವಿರದ ಮೇಲೆ. ಕತ್ತಲಿಗೆ ಒಗ್ಗಿದ ಕಣ್ಣಿಗೆ ತೊಂದರೆಯಾಗದಿರಲಿ ಅಂತ ಬಳಸುವ ಕೆಂಪು ಟಾರ್ಚ್ ತಗೊಳ್ಳಬೇಡಿ, ಹಳೆ ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆ ಕಟ್ಟಿದರೆ ಆಯಿತು. ಆರ್‌ಎ ಮೋಟರಿಗೆ ಇನ್ನೂ ಕೆಲವು ಸಾವಿರ ಹೋಯಿತು. ನನ್ನದು 9 ವೋಲ್ಟ್ ಬ್ಯಾಟರಿಯದ್ದು, ಹಿಂಭಾಗದಲ್ಲಿ ಎನ್ ಮತ್ತು ಎಸ್ ಅಂತ ಒಂದು ಸಣ್ಣ ಸ್ವಿಚ್ ಇದೆ. ಬಂದಾಗ ಅದು ಎಸ್ ಮೇಲಿತ್ತು, ಅಂದರೆ ದಕ್ಷಿಣ ಗೋಳಾರ್ಧಕ್ಕೆ. ಹಾಗೇ ಚಾಲೂ ಮಾಡಿದರೆ ಮೋಟರ್ ಉಲ್ಟಾ ತಿರುಗಿ, ಗುರು ನಿಲ್ಲುವ ಬದಲು ಎರಡರಷ್ಟು ಜೋರಾಗಿ ಐಪೀಸಿನಿಂದ ಆಚೆ ಓಡುತ್ತದೆ. ಮೋಟರ್ ಕಟ್ಟುವ ಮೊದಲೇ ಅದನ್ನು ಎನ್ ಕಡೆಗೆ ತಳ್ಳಿಬಿಡಿ, ಕಟ್ಟಿದ ಮೇಲೆ ಬೆರಳು ಹೋಗಲ್ಲ.